ನನ್ನ ಅಂಗಡಿ ಎದುರಿನ ಹುಳದ ಮೇಡಂ

ಯಲಹಂಕದ ಹಳೇ ಊರಿನ ಸಂತೆ ಬೀದಿಯಲ್ಲಿ ನಮ್ಮದೊಂದು ಬೀಜ, ಗೊಬ್ಬರ, ಔಷಧಿ ಅಂಗಡಿ. ಔಷಧಿ ಎಂದರೆ ಮನುಷ್ಯರು ಕುಡಿಯುವುದಲ್ಲ, ಬೆಳೆಗೆ ಹೊಡೆಯುವುದು. ಮಾವ ಹಾಕಿದ ಅಂಗಡಿ ಅದು. ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗ ಅಂಗಡಿ ಮುಚ್ಚುವ ಮಾತು ಬಂತು. ನನ್ನ ಗಂಡನಿಗೆ ಕಾರ್ಖಾನೆಯ ಕೆಲಸ ಬಿಡುವ ಮನಸ್ಸಿರಲಿಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನಾನು, ಸ್ವಲ್ಪ ದಿನ ಕೂತು ನೋಡುತ್ತೇನೆ ಎಂದು ಹೋಗಿ ಕೂತವಳು ಮತ್ತೆ ಏಳಲಿಲ್ಲ.

ಕೆಲಸವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಕಂಪನಿಯಿಂದ ಬರುತ್ತಿದ್ದ ಹುಡುಗರು ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡೆ, ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿದೆ, ಮಾವ ಮಂಚದಲ್ಲಿ ಮಲಗಿದ್ದೇ ತೊದಲುತ್ತ ಹೇಳಿದ್ದನ್ನು ನೆನಪಿಟ್ಟುಕೊಂಡೆ. 2008ರ ಹೊತ್ತಿಗೆ ನಾನು ಆ ಬೀದಿಯಲ್ಲಿ ‘ಅಂಗಡಿ ಅಕ್ಕ’ ಆಗಿದ್ದೆ. ಕೋಗಿಲು, ಬಾಗಲೂರು, ರಾಜಾನುಕುಂಟೆ ಕಡೆಯಿಂದ ತರಕಾರಿ ಹೊತ್ತು ಬಂದವರು ಮಾರಿ ಮುಗಿಸಿ, ಟವೆಲ್ಲಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಎಲೆಯನ್ನು ಬಿಚ್ಚಿ ಕೌಂಟರಿನ ಮೇಲಿಡುತ್ತಿದ್ದರು. ಏನು ಹೊಡೆಯಬೇಕು ಎಂದು ಕೇಳುತ್ತಿದ್ದರು. ನಾನು ಎಲೆಯನ್ನು ತಿರುಗಿಸಿ ನೋಡಿ, ಒಂದು ಕ್ಷಣ ಸುಮ್ಮನಿದ್ದು, ಕೈ ಚಾಚಿ ಬಾಟಲಿ ತೆಗೆಯುತ್ತಿದ್ದೆ. ಒಂದು ಟ್ಯಾಂಕಿಗೆ ಒಂದು ಮುಚ್ಚಳ, ಸಂಜೆ ಹೊತ್ತು ಹೊಡಿ ಎನ್ನುತ್ತಿದ್ದೆ. ನನ್ನ ತಂದೆಯ ವಯಸ್ಸಿನವರು ಎದುರು ನಿಂತು, ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಎಂದೂ ನನ್ನನ್ನು ಕೇಳುತ್ತಿರಲಿಲ್ಲ. ಆ ಕಾಯುವಿಕೆ ನನಗೆ ಎಷ್ಟು ಇಷ್ಟವಾಗಿತ್ತು ಎಂಬುದು, ಅದನ್ನು ಬೇರೆಯವಳೊಬ್ಬಳು ಕಿತ್ತುಕೊಂಡಾಗಲೇ ನನಗೆ ಗೊತ್ತಾದದ್ದು.

ಅದಾದ ಒಂದೆರಡು ವರ್ಷಕ್ಕೆ ಪರಂಗಿ ಗಿಡಗಳಿಗೆ ಬಿಳಿ ಹುಳ ಬಿತ್ತು. ಎಲೆಯ ಅಡಿಯಲ್ಲಿ, ಕಾಯಿಯ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ. ಮುಟ್ಟಿದರೆ ಅಂಟಂಟು. ಪರಂಗಿಯಿಂದ ದಾಸವಾಳಕ್ಕೆ, ಹಿಪ್ಪುನೇರಳೆಗೆ ಎಲ್ಲಕ್ಕೂ ಹಬ್ಬಿತು. ನಾನು ಒಂದು ಔಷಧಿ ಕೊಟ್ಟೆ, ಹೋಗಲಿಲ್ಲ. ಅದಕ್ಕಿಂತ ಖಾರದ್ದು ಕೊಟ್ಟೆ, ಹೋಗಲಿಲ್ಲ. ಎರಡನ್ನೂ ಬೆರೆಸಿ ಹೊಡೆಯಲು ಹೇಳಿದೆ. ಎಲೆ ಸುಟ್ಟಿತು, ಹುಳ ಹಾಗೇ ಇತ್ತು. ಜನ ಬೈಯಲಿಲ್ಲ. ಮತ್ತೆ ಬಂದು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು, ಅಷ್ಟೆ.

ಅಂಥ ದಿನಗಳಲ್ಲೇ ಒಂದು ಸಂತೆಯ ದಿನ, ರಸ್ತೆಯ ಆಚೆ ಬದಿಯ ಹೊಂಗೆ ಮರದ ಕೆಳಗೆ ಒಂದು ಮೇಜು ಬಂತು. ಮೇಲೊಂದು ದೊಡ್ಡ ಛತ್ರಿ, ಹಿಂದೆ ಬ್ಯಾನರು. ಬೆಳೆಗೆ ಬಿದ್ದ ಹುಳಕ್ಕೆ ಉಚಿತ ಸಲಹೆ ಎಂದು ಬರೆದಿತ್ತು. ಕೂತಿದ್ದವಳು ಹೆಚ್ಚುಕಮ್ಮಿ ನನ್ನದೇ ವಯಸ್ಸಿನ ಹೆಂಗಸು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಹೆಬ್ಬಾಳದ ಕಡೆ ಹುಳಗಳ ಬಗ್ಗೆ ಸಂಶೋಧನೆ ಮಾಡುವ ಕಚೇರಿಯಿಂದ ಬಂದವಳಂತೆ. ಟೀ ತಂದುಕೊಡುವವನು ಹೇಳಿದ. ಮೊದಲ ದಿನ ನಾಲ್ಕಾರು ಜನ ನಿಂತು ನೋಡಿ ಹೋದರು. ನಾನು ಮನೆಗೆ ಹೋಗಿ ಗಂಡನಿಗೆ ಅದನ್ನು ತಮಾಷೆಯಾಗಿ ಹೇಳಿದೆ.

ಎರಡು ಮೂರು ಸಂತೆ ಕಳೆಯುವಷ್ಟರಲ್ಲಿ ತಮಾಷೆ ಹೋಯಿತು. ಅವಳ ಮೇಜಿನ ಮುಂದೆ ಸ್ಟೂಲು ಇತ್ತು, ರೈತರನ್ನು ಕೂರಿಸುತ್ತಿದ್ದಳು. ನನ್ನ ಕೌಂಟರಿನ ಎದುರು ಎಲ್ಲರೂ ನಿಂತೇ ಮಾತಾಡುತ್ತಿದ್ದರು. ಅವಳು ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಕನ್ನಡಿಯನ್ನು ಅವರ ಕೈಗೇ ಕೊಟ್ಟು ನೋಡಿಸುತ್ತಿದ್ದಳು. ಏನೋ ಕೇಳುತ್ತಿದ್ದಳು, ಅವರು ಕೈ ಆಡಿಸುತ್ತ ಉದ್ದಕ್ಕೆ ಹೇಳುತ್ತಿದ್ದರು. ರಸ್ತೆಯ ಗಲಾಟೆಯಲ್ಲಿ ನನಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಗಿರಾಕಿಗೆ ಬೀಜ ತೂಗುತ್ತ ಇರುತ್ತಿದ್ದೆ, ಕಣ್ಣು ಮಾತ್ರ ಆ ಕಡೆಗೇ.

ಕೋಗಿಲಿನ ಒಬ್ಬ ಹಿರಿಯರು ಮಾವನ ಕಾಲದಿಂದ ನಮ್ಮ ಅಂಗಡಿಗೆ ಬರುತ್ತಿದ್ದವರು. ಎಲೆಕೋಸು ಬೆಳೆಯುತ್ತಿದ್ದರು. ನನ್ನನ್ನು ಮಗಳಷ್ಟು ಚಿಕ್ಕವಳೆಂದು ಗೊತ್ತಿದ್ದೂ ‘ಅಕ್ಕ’ ಎಂದೇ ಕರೆಯುತ್ತಿದ್ದರು. ಒಂದು ಸಂತೆಯ ದಿನ ಅವರು ತೂತು ತೂತಾದ ಕೋಸನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವುದನ್ನು ದೂರದಿಂದಲೇ ಕಂಡೆ. ಏನು ಕೊಡಬೇಕೆಂದು ಆಗಲೇ ಮನಸ್ಸಿನಲ್ಲಿ ಬಾಟಲಿ ತೆಗೆದಿದ್ದೆ. ಅವರು ನಮ್ಮ ಮೆಟ್ಟಿಲವರೆಗೆ ಬಂದು, ತಲೆಯಾಡಿಸಿ ನಕ್ಕು, ರಸ್ತೆ ದಾಟಿ ಆ ಸ್ಟೂಲಿನ ಮೇಲೆ ಕೂತರು. ತುಂಬ ಹೊತ್ತು ಕೂತರು. ಆಮೇಲೆ ವಾಪಸ್ಸು ಬಂದರು.

“ಸಾಸಿವೆ ಐತೇನಕ್ಕ?”

ಸಾಸಿವೆ ಯಾಕೆ ಎಂದು ಕೇಳಿದೆ.

“ಕೋಸಿನ ಮಧ್ಯ ಸಾಲಾಗಿ ಸಾಸಿವೆ ಆಕ್ಬೇಕಂತೆ. ಚಿಟ್ಟೆ ಎಲ್ಲ ಅದ್ರ ಮ್ಯಾಕೆ ಓಗಿ ಮೊಟ್ಟೆ ಇಕ್ತವಂತೆ. ಅವಾಗ ಸಾಸಿವೆಗೆ ಮಾತ್ರ ಒಡುದ್ರೆ ಸಾಕು ಅಂತ ಏಳಿದ್ರು ಉಳದ ಮೇಡಮ್ಮು.”

ನಮ್ಮಲ್ಲಿಲ್ಲ ಎಂದೆ. ಇರುವುದು ಪಕ್ಕದ ದಿನಸಿ ಅಂಗಡಿಯಲ್ಲಿ. ಅವರು ಅಲ್ಲಿಂದ ಕಟ್ಟಿಸಿಕೊಂಡು ಹೋದರು. ದಿನಸಿಯವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಕೋಸಿನ ಹುಳಕ್ಕೆ ಮದ್ದು ಒಗ್ಗರಣೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾಲ ಬಂತಲ್ಲ ಎಂದು ಅವನಿಗೆ ನಗು. ವ್ಯಾಪಾರ ಹೋಯಿತೆಂದು ನನಗೆ ಬೇಸರವಾಗಿರಲಿಲ್ಲ. ಅವರು ‘ಏಳಿದ್ರು’ ಎಂದು ಹೇಳಿದ ರೀತಿ ಇತ್ತಲ್ಲ, ಅದರಲ್ಲಿದ್ದ ನೆಮ್ಮದಿ ಚುಚ್ಚಿತು. ನಾನು ಹೇಳಿದ್ದನ್ನು ಅವರು ಇನ್ನೊಬ್ಬರ ಮುಂದೆ ಯಾವತ್ತಾದರೂ ಹಾಗೆ ಹೇಳಿದ್ದರೋ ಇಲ್ಲವೋ.

ಮಾರನೇ ವಾರವೇ ಆರ್.ಟಿ. ನಗರಕ್ಕೆ ಒಂದು ಮದುವೆಗೆ ಹೋಗಿದ್ದಾಗ ಸ್ಟೇಷನರಿ ಅಂಗಡಿಯಲ್ಲಿ ಭೂತಗನ್ನಡಿ ಕೊಂಡೆ. ಅವಳದ್ದಕ್ಕಿಂತ ದೊಡ್ಡದು, ಕರೀ ಹಿಡಿ ಇದ್ದದ್ದು. ಒಂದು ಬೆಂಚೂ ಹಾಕಿಸಿದೆ, ಕುಡಿಯುವ ನೀರಿನ ಕ್ಯಾನ್ ಇಟ್ಟೆ. ಮುಂದಿನ ಸಂತೆಗೆ ಬದನೆ ಬೆಳೆಯುವ ಒಬ್ಬ ಬಂದಾಗ ಅವನನ್ನು ಕೂರಿಸಿ, ಎಲೆಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದೆ. ಏನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಎಲ್ಲವೂ ದಪ್ಪಗೆ ಕಾಣುತ್ತಿತ್ತು.

“ಏನ್ ಕಾಣ್ತೈತಕ್ಕ?” ಎಂದ.

“ಹುಳ” ಎಂದೆ.

“ಅದು ನಂಗೂ ಕಾಣ್ತೈತೆ” ಎಂದ ಅವನು. ಅಣಕಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ನಾನು ಭೂತಗನ್ನಡಿಯನ್ನು ಗಲ್ಲಾದ ಒಳಗೆ ಹಾಕಿಟ್ಟೆ.

ಅಷ್ಟರಲ್ಲಿ ಆ ಬಿಳಿ ಹುಳಕ್ಕೆ ಅವಳು ಏನೋ ಕೊಡುತ್ತಿದ್ದಾಳೆ ಎಂಬ ಸುದ್ದಿ ಬೀದಿಯೆಲ್ಲ ಹರಡಿತು. ಬೆರಳುದ್ದದ ಸಣ್ಣ ಶೀಷೆ. ಒಳಗೆ ಔಷಧಿ ಇಲ್ಲ, ಹುಳ. ಸಾಸಿವೆ ಕಾಳಿಗಿಂತ ಚಿಕ್ಕ ಕಣಜಗಳು. ಗಿಡದ ಹತ್ತಿರ ಮುಚ್ಚಳ ತೆಗೆದುಬಿಟ್ಟರೆ ಅವು ಹೋಗಿ ಬಿಳಿ ಹುಳದ ಮೈಯೊಳಗೆ ಮೊಟ್ಟೆ ಇಡುತ್ತವಂತೆ, ಮರಿ ಒಳಗಿಂದಲೇ ತಿಂದು ಮುಗಿಸುತ್ತದಂತೆ. ಒಂದೇ ಷರತ್ತು, ಯಾವ ಔಷಧಿಯನ್ನೂ ಹೊಡೆಯಬಾರದು. ಹೊಡೆದರೆ ಕಣಜ ಸಾಯುತ್ತದೆ. ಔಷಧಿ ಮಾರುವವಳ ಅಂಗಡಿಯ ಎದುರು ಕೂತು ಹೊಡೆಯಬೇಡಿ ಎಂದು ಹೇಳುವುದು ನನ್ನನ್ನೇ ಉದ್ದೇಶಿಸಿ ಎಂದು ನಾನು ಆಗ ನಂಬಿದ್ದೆ.

ನಮ್ಮ ಮನೆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ. ಹಿತ್ತಲಿನಲ್ಲಿ ಅತ್ತೆ ನೆಟ್ಟ ಪರಂಗಿ ಗಿಡ ಇತ್ತು, ಅದಕ್ಕೂ ಬಿಳಿ ಬಿದ್ದಿತ್ತು. ನಾನೇ ಅಂಗಡಿಯಿಂದ ತಂದು ಹೊಡೆದಿದ್ದೆ, ಪ್ರಯೋಜನವಾಗಿರಲಿಲ್ಲ. ಒಂದು ಸಂತೆಯ ದಿನ ಎಂದಿನಂತೆ ಆಚೆ ಕಡೆ ನೋಡುತ್ತಿದ್ದಾಗ, ಸಾಲಿನಲ್ಲಿ ತಲೆ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಕಂಡಳು. ಕೈಯಲ್ಲಿ ಪರಂಗಿ ಎಲೆ. ಮುಖವನ್ನು ನಮ್ಮ ಅಂಗಡಿ ಕಡೆಗೆ ತಿರುಗಿಸದೆ ನಿಂತಿದ್ದ ರೀತಿಯಲ್ಲೇ ಗೊತ್ತಾಯಿತು, ನಮ್ಮ ಅತ್ತೆ. ಅಂಗಡಿ ಮುಂದೆ ಹಾಯಬಾರದೆಂದು ಗಲ್ಲಿಯ ಆ ತುದಿಯಿಂದ ಇಡೀ ಬೀದಿ ಸುತ್ತು ಹಾಕಿ ಬಂದಿದ್ದರು. ಸರದಿ ಬಂದಾಗ ಸ್ಟೂಲಿನ ಮೇಲೆ ಕೂತರು. ಆ ಹುಳದ ಮೇಡಂ ಅತ್ತೆಯ ಕೈ ಮೇಲೆ ಕೈ ಇಟ್ಟು ಏನೋ ಹೇಳಿದಳು. ಅತ್ತೆ ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅತ್ತೆ ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನೋಡಿದ್ದು ಕಡಿಮೆ.

ಮಧ್ಯಾಹ್ನ ಊಟಕ್ಕೆ ಹೋದಾಗ ನಾನು ಏನೂ ಕೇಳಲಿಲ್ಲ. ಮುದ್ದೆ ಬಡಿಸುತ್ತ ಅವರೇ ಹೇಳಿದರು.

“ನೋಡಿದ್ಯಾ?”

“ನೋಡ್ದೆ.”

“ನಿಂಗೆ ಬೇಜಾರಾಗುತ್ತೆ ಅಂತ ಸುತ್ತು ಹಾಕ್ಕೊಂಡ್ ಹೋದೆ ಕಣಮ್ಮ. ಗಿಡ ಸಾಯ್ತಾ ಇತ್ತಲ್ಲ.”

 ಎಲೆ ಅಡಿಕೆ ಸಂಚಿಯಿಂದ ಶೀಷೆ ತೆಗೆದು ತೋರಿಸಿದರು. ಒಳಗೆ ಧೂಳಿನಂತೆ ಏನೋ ಚಲಿಸುತ್ತಿತ್ತು. ಸಂಜೆ ನನ್ನ ಗಂಡ ಬಂದಾಗ ತಾಯಿ ಮಗ ಇಬ್ಬರೂ ಹಿತ್ತಲಿಗೆ ಹೋಗಿ ಮುಚ್ಚಳ ತೆಗೆದರು. ನನ್ನನ್ನೂ ಕರೆದರು. ತಲೆನೋವು ಎಂದೆ. ಹೊಟ್ಟೆಕಿಚ್ಚು ಕಣೇ ನಿಂಗೆ ಎಂದು ಗಂಡ ನಕ್ಕ. ಅವನು ಅದನ್ನು ಅಷ್ಟು ಹಗುರವಾಗಿ ಹೇಳಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಗಿಡ ಬದುಕಿತು. ಬದುಕಬಾರದೆಂದು ನಾನು ಬಯಸಿರಲಿಲ್ಲ, ಆದರೆ ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜುತ್ತ ಎಲೆಯ ಅಡಿ ನೋಡುವಾಗ, ಬಿಳಿ ಕಡಿಮೆಯಾದಷ್ಟೂ ನನ್ನೊಳಗೆ ಏನೋ ಕುಗ್ಗುತ್ತಿತ್ತು. ಹೊಸ ಎಲೆ ಬಂತು, ಕಾಯಿ ಬಲಿಯಿತು, ಹಣ್ಣಾಯಿತು. ಮೊದಲ ಹಣ್ಣನ್ನು ಅತ್ತೆ ದೇವರ ಮುಂದೆ ಇಟ್ಟರು. ಎರಡನೆಯದನ್ನು ಪೇಪರಿನಲ್ಲಿ ಸುತ್ತಿ, ಆ ಮೇಡಮ್ಮಿಗೆ ಕೊಟ್ಟುಬಿಡು, ನಿನ್ನ ಅಂಗಡಿ ಎದುರಿಗೇ ತಾನೇ ಇರೋದು ಎಂದರು.

ನಾನು ಹಣ್ಣು ಹಿಡಿದು ರಸ್ತೆ ದಾಟಿದೆ. ನಾನು ಅಂಗಡಿಯವಳು, ನಮ್ಮ ಅತ್ತೆ ಕಳಿಸಿದರು, ಗಿಡ ಚೆನ್ನಾಗಿದೆ ಎಂದೆಲ್ಲ ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅವಳು ಭೂತಗನ್ನಡಿಗೆ ಕಣ್ಣಿಟ್ಟು, ಪಕ್ಕದಲ್ಲಿದ್ದ ರೈತನಿಗೆ ಏನೋ ವಿವರಿಸುತ್ತಿದ್ದಳು. ನಾನು ಹಣ್ಣು ಮುಂದೆ ಹಿಡಿದಾಗ, ತಲೆ ಎತ್ತದೆ, ಅಲ್ಲಿಡಿ, ಥ್ಯಾಂಕ್ಸ್ ಎಂದಳು. ಮೇಜಿನ ಆ ಮೂಲೆಯಲ್ಲಿ ಆಗಲೇ ಸೀಬೆಹಣ್ಣಿನ ಚೀಲ, ಒಂದು ಕಟ್ಟು ಕೊತ್ತಂಬರಿ, ಅವರೆಕಾಯಿ ಇದ್ದವು. ಇಷ್ಟು ವರ್ಷದಲ್ಲಿ ನನ್ನ ಕೌಂಟರಿನ ಮೇಲೆ ಯಾರೂ ಒಂದು ಸೀಬೆಕಾಯಿ ಇಟ್ಟಿರಲಿಲ್ಲ. ಹಣ್ಣನ್ನು ಅವುಗಳ ಪಕ್ಕ ಇಟ್ಟು ಬಂದೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಸಂತೆಗೆ ಮೇಜು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಯೋಜನೆ ಮುಗಿಯಿತಂತೆ ಎಂದು ಟೀಯವನು ಹೇಳಿದ. ನನಗೆ ಆದ ಖುಷಿಯನ್ನು ಮುಚ್ಚಿಡಲು ಆಗಲಿಲ್ಲ, ಆ ದಿನ ಬಂದ ಗಿರಾಕಿಗಳಿಗೆಲ್ಲ ಟೀ ಕುಡಿಸಿದೆ. ಆದರೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ, ಮೇಡಂ ಎಲ್ಲಿ? ಎದುರಿಗಿದ್ದೀಯಲ್ಲ, ನಿನಗೆ ಹೇಳಿ ಹೋಗಲಿಲ್ಲವೇ ಎನ್ನುತ್ತಿದ್ದರು. ನಾನು ಅವಳ ಮನೆಗೆ ಕಾವಲಿದ್ದವಳ ಹಾಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳಿ ಸಾಕಾಯಿತು.

ಎದುರಿಗೆ ಕೂತವಳ ಮೇಲಿನ ಮತ್ಸರವನ್ನು ಹೇಗೋ ಸಹಿಸಬಹುದು. ಹೊರಟುಹೋದವಳ ಮೇಲಿನದ್ದು ಕಷ್ಟ. ನಾನು ಬಾಟಲಿ ತೆಗೆದು ಕೊಟ್ಟರೆ ಜನ ಈಗ ಅದನ್ನು ತಿರುಗಿಸಿ ನೋಡುತ್ತಿದ್ದರು. ಇದು ಹೊಡೆದರೆ ಒಳ್ಳೇ ಹುಳ ಸಾಯುವುದಿಲ್ಲವೇ ಎಂದು ಕೇಳುತ್ತಿದ್ದರು. ಕೇಳುವುದನ್ನು ಅವಳು ಕಲಿಸಿಬಿಟ್ಟಿದ್ದಳು. ಉತ್ತರ ಹೇಳುವವಳು ಇರಲಿಲ್ಲ. ಅವಳು ಕೊಟ್ಟಿದ್ದ ಫೋನ್ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ ಎಂದು ಒಂದಿಬ್ಬರು ಹೇಳಿದರು.

ಟೊಮ್ಯಾಟೊಗೆ ಹೊಸ ಹುಳ ಬಂದದ್ದು ಆಮೇಲೆ. ಎಲೆಯೊಳಗೆ ಸುರಂಗ ಮಾಡಿಕೊಂಡು ತಿನ್ನುವುದು, ಕಾಯಿಗೆ ಸೂಜಿ ಚುಚ್ಚಿದಂಥ ತೂತು. ತೋಟಕ್ಕೆ ಬೆಂಕಿ ಬಿದ್ದ ಹಾಗೆ ಎಲೆಗಳು ಒಣಗುತ್ತಿದ್ದವು. ನಾನು ಅದನ್ನು ಹಿಂದೆ ಕಂಡಿರಲಿಲ್ಲ, ಕಂಪನಿಯ ಹುಡುಗರೂ ಕಂಡಿರಲಿಲ್ಲ. ಒಬ್ಬೊಬ್ಬ ಒಂದೊಂದು ಬಾಟಲಿ ಮುಂದಿಡುತ್ತಿದ್ದ. ಕೋಗಿಲಿನ ಹಿರಿಯರು ಆಗ ಕೋಸು ಬಿಟ್ಟು, ಉಳಿದ ಸ್ವಲ್ಪ ಜಮೀನಿನಲ್ಲಿ ಟೊಮ್ಯಾಟೊ ಹಾಕಿದ್ದರು. ಸುತ್ತ ಎಲ್ಲ ಲೇಔಟ್ ಆಗಿತ್ತು. ನಾನು ಕೊಟ್ಟದ್ದು ಯಾವುದೂ ನಾಟದೆ ಒಂದು ದಿನ ಬಂದು ಬೆಂಚಿನ ಮೇಲೆ ಕೂತರು.

“ನೀನೊಂದ್ ಮಾತು ಆ ಮೇಡಮ್ಮನ್ನ ಕೇಳಕ್ಕ” ಎಂದರು.

ಅವರಿಗೆ ಕೋಪ ಇರಲಿಲ್ಲ. ನಾನು ಕೇಳಿದರೆ ಆಗುತ್ತದೆ, ನಾವಿಬ್ಬರೂ ಒಂದೇ ಕಸುಬಿನವರು ಎಂದು ಅವರು ಎಣಿಸಿದ್ದರು. ನೋಡೋಣ ಎಂದಷ್ಟೇ ಹೇಳಿ ಕಳಿಸಿದೆ. ಆದರೂ ಆ ರಾತ್ರಿ ಗಂಡನನ್ನು ಕೇಳಿದೆ, ಆ ಕಚೇರಿ ಹೆಬ್ಬಾಳದಲ್ಲಿ ಎಲ್ಲಿ ಬರುತ್ತದೆ ಎಂದು. ಕೇಳಿದ್ದಷ್ಟೇ, ಹೋಗಲಿಲ್ಲ. ಬಾಗಿಲಲ್ಲಿ ನಿಂತು ಯಾರೆಂದು ಹೇಳಿಕೊಳ್ಳುವುದು.

ಹೋಗುವ ಹಾಗೆ ಮಾಡಿದ್ದು ಸರ್ಕಾರ. ಔಷಧಿ ಗೊಬ್ಬರ ಮಾರುವವರೂ ಓದಿ ಪಾಸಾಗಬೇಕು, ಇಲ್ಲದಿದ್ದರೆ ಲೈಸೆನ್ಸ್ ಮುಂದುವರಿಸುವುದಿಲ್ಲ ಎಂಬ ನಿಯಮ ಬಂತು. ವಾರಕ್ಕೊಂದು ದಿನ ಕ್ಲಾಸು. ಹೆಬ್ಬಾಳದ ಹತ್ತಿರದ ತರಬೇತಿ ಕೇಂದ್ರವೊಂದರಲ್ಲಿ ನಮ್ಮನ್ನೆಲ್ಲ ಕಬ್ಬಿಣದ ಕುರ್ಚಿಗಳಲ್ಲಿ ಕೂರಿಸಿದರು. ನಲವತ್ತು ದಾಟಿದವರೇ ಹೆಚ್ಚು. ನನ್ನ ಪಕ್ಕದಲ್ಲಿ ಯಶವಂತಪುರದ ಮಾರುಕಟ್ಟೆ ಹತ್ತಿರ ಅಂಗಡಿ ಇಟ್ಟ ಸಾಹೇಬರೊಬ್ಬರು ಕೂತಿದ್ದರು, ಬಿಳಿ ಗಡ್ಡ, ಜೇಬಿನಲ್ಲಿ ಯಾವಾಗಲೂ ಏಲಕ್ಕಿ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಲಾರಿಯವರ ಹತ್ತಿರ ತಮಿಳು ಮಾತಾಡುವವರು. ಎರಡನೇ ವಾರ ಹುಳಗಳ ಪಾಠ ಎಂದರು. ಒಳಗೆ ಬಂದವಳು ಅವಳೇ.

ಕನ್ನಡಕ ಬಂದಿತ್ತು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬೂಟು ಮಾತ್ರ ಅದೇ ಥರದ್ದು. ಒಬ್ಬೊಬ್ಬರಾಗಿ ಯಾವ ಊರು, ಎಲ್ಲಿ ಅಂಗಡಿ ಹೇಳಿ ಎಂದಳು. ನನ್ನ ಸರದಿ ಬರುವವರೆಗೆ ಅವಳ ಮುಖ ಹೇಗಾಗುತ್ತದೋ ನೋಡಬೇಕೆಂದು ಕಾಯುತ್ತಿದ್ದೆ. ಯಲಹಂಕ, ಸಂತೆ ಬೀದಿ ಎಂದೆ.

“ಹೌದಾ? ಅಲ್ಲಿ ನಾನು ಎರಡು ವರ್ಷ ಕೂತಿದ್ದೆ. ನಿಮ್ಮ ಅಂಗಡಿ ಎಲ್ಲಿ ಬರುತ್ತೆ?”

“ನಿಮ್ಮ ಮೇಜಿನ ಎದುರಿಗೇ ಮೇಡಂ.”

ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದಳು. ಹಣೆ ಸುಕ್ಕಾಯಿತು.

“ಎದುರಿಗೆ ಒಂದು ದಿನಸಿ ಅಂಗಡಿ ಇತ್ತಲ್ವಾ? ಸಾಸಿವೆ ತಗೊಳ್ಳಿ ಅಂತ ಅಲ್ಲಿಗೆ ಕಳಿಸ್ತಿದ್ದೆ.”

ಅದರ ಪಕ್ಕದ್ದು ಎಂದೆ. ಓಹ್, ಸರಿ ಸರಿ ಎಂದು ಮುಂದಿನವರ ಕಡೆ ತಿರುಗಿದಳು. ಎರಡು ವರ್ಷ ನಾನು ಅವಳ ಒಂದೊಂದು ಸೀರೆಯ ಅಂಚನ್ನೂ ಗುರುತು ಹಿಡಿಯುವಷ್ಟು ನೋಡಿದ್ದೆ. ಅವಳು ನನ್ನ ಬೋರ್ಡನ್ನೂ ನೋಡಿರಲಿಲ್ಲ. ನನ್ನನ್ನು ಉದ್ದೇಶಿಸಿ ಅವಳು ಏನನ್ನೂ ಹೇಳಿರಲಿಲ್ಲ. ಇಂಥದ್ದನ್ನು ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ವಾಪಸ್ಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತಿತ್ತು, ಕೆರೆಯ ಕಡೆ ನೋಡುತ್ತ ಕೂತಿದ್ದೆ. ದಿನಸಿಯವನ ಮೇಲೂ ಹೊಟ್ಟೆ ಉರಿಯುತ್ತಿತ್ತು.

ಕ್ಲಾಸಿನಲ್ಲಿ ಅವಳ ತಪ್ಪು ಹುಡುಕಲೆಂದೇ ಕಿವಿಗೊಟ್ಟು ಕೇಳಿದೆ. ಹಾಗೆ ಕೇಳಿದ್ದರಿಂದ ಬೇರೆಯವರಿಗಿಂತ ನನಗೇ ಚೆನ್ನಾಗಿ ತಲೆಗೆ ಹೋಯಿತು. ಭೂತಗನ್ನಡಿಯಲ್ಲಿ ಏನು ನೋಡಬೇಕು, ಹುಳದ ಕಾಲು ಎಷ್ಟು, ಎಲೆಯ ಯಾವ ಬದಿಯಲ್ಲಿ ಮೊಟ್ಟೆ ಇರುತ್ತದೆ, ಮೊದಲು ರೈತನನ್ನು ಏನು ಕೇಳಬೇಕು, ಹೋದ ವಾರ ಏನು ಹೊಡೆದಿದ್ದ, ಪಕ್ಕದ ಹೊಲದಲ್ಲಿ ಏನಿದೆ. ಎರಡು ಔಷಧಿ ಬೆರೆಸುವುದರ ಬಗ್ಗೆ ಅವಳು ಹೇಳುವಾಗ ನಾವೆಲ್ಲ ನೆಲ ನೋಡಿದೆವು.

ಒಂದು ದಿನ ಅವಳು, ಸಂತೆಯಲ್ಲಿ ಅಷ್ಟು ಕಷ್ಟಪಟ್ಟರೂ ನಮ್ಮ ಮೇಜಿಗೆ ಬಂದವರು ಕಡಿಮೆಯೇ, ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ ಎಂದಳು. ಕಡಿಮೆ ಎಂಬ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ನನ್ನ ಕಣ್ಣಿಗೆ ಅದು ಜಾತ್ರೆ. ಬಾಯಿ ತಡೆಯಲಾಗದೆ ಎದ್ದು ನಿಂತು ಹೇಳಿದೆ. ಅವರೆಲ್ಲ ಬೆಳಿಗ್ಗೆ ಸರಕು ಮಾರಿ, ಬಸ್ಸಿಗೆ ಒಂದು ಕಾಲು ಹೊರಗಿಟ್ಟೇ ನಿಂತಿರುತ್ತಾರೆ. ನೀವು ಒಬ್ಬೊಬ್ಬರಿಗೂ ಅರ್ಧ ಗಂಟೆ ಮಾಡುತ್ತಿದ್ದಿರಿ. ಪುರುಸೊತ್ತಿದ್ದವರು ನಿಮ್ಮಲ್ಲಿಗೆ ಬಂದರು, ಪುರುಸೊತ್ತಿಲ್ಲದವರು ನನ್ನ ಹತ್ತಿರ ಬಂದರು. ಅದೂ ಅಲ್ಲದೆ ನೀವು ವಾರಕ್ಕೊಂದು ದಿನ, ಹುಳ ದಿನಾ ಇರುತ್ತದೆ, ನಮ್ಮ ಅಂಗಡಿಯೂ ದಿನಾ ತೆಗೆದಿರುತ್ತದೆ ಎಂದೆ. ನನಗೇ ಗೊತ್ತಿಲ್ಲದಂತೆ ದನಿ ಏರಿತ್ತು.

ಅವಳು, ಇನ್ನೊಂದು ಸಲ ನಿಧಾನವಾಗಿ ಹೇಳಿ, ಹಿಂದಿನವರಿಗೂ ಕೇಳಿಸಲಿ ಎಂದಳು. ನಾನು ಹೇಳಿದೆ. ಅವಳು ತಲೆಯಾಡಿಸುತ್ತಿದ್ದಳು. ಬೆನ್ನಿನ ಮೇಲೆ ಬಿಸಿಲು ಬಿದ್ದ ಹಾಗಿತ್ತು ನನಗೆ. ಅಷ್ಟರಲ್ಲಿ ಯಶವಂತಪುರದ ಸಾಹೇಬರು ಕೂತಲ್ಲಿಂದಲೇ, ನನ್ನ ಅಂಗಡಿಗೆ ಬರೋರಲ್ಲಿ ಅರ್ಧ ಜನಕ್ಕೆ ಓದಕ್ ಬರಲ್ಲ ಮೇಡಂ, ಚೀಟಿ ಕೊಟ್ಟರೆ ಏನುಪಯೋಗ, ಫೋನಲ್ಲಿ ಮಾತು ಹಾಕಿ ಕಳಿಸಿದ್ರೆ ಮನೇಲಿ ಎಲ್ಲರೂ ಕೇಳ್ತಾರೆ ಎಂದರು. ಎಷ್ಟು ಒಳ್ಳೇ ಮಾತು ಹೇಳಿದಿರಿ ಎಂದಳು ಅವಳು. ನನಗೆ ಬರೀ ತಲೆಯಾಡಿಸಿದ್ದಳು, ಅವರಿಗೆ ‘ಎಷ್ಟು ಒಳ್ಳೇ ಮಾತು’. ನನ್ನ ಸಂತೋಷ ಅಲ್ಲಿಗೆ ಮುಗಿಯಿತು. ಅವರು ಕೊಟ್ಟ ಏಲಕ್ಕಿಯನ್ನು ಆ ದಿನ ತೆಗೆದುಕೊಳ್ಳಲಿಲ್ಲ.

ಆ ಎರಡೂ ಮಾತಿನಿಂದ ಒಂದು ವ್ಯವಸ್ಥೆ ಹುಟ್ಟಿತು. ನಮ್ಮನ್ನೆಲ್ಲ ಸೇರಿಸಿ ಅವಳು ಒಂದು ವಾಟ್ಸ್ಯಾಪ್ ಗುಂಪು ಮಾಡಿದಳು. ರೈತ ಎಲೆ ತಂದರೆ ನಾವು ಫೋಟೊ ತೆಗೆದು, ಕೇಳಬೇಕಾದ್ದನ್ನು ಕೇಳಿ, ಗೊತ್ತಿದ್ದರೆ ನಾವೇ ಹೇಳುವುದು. ಅನುಮಾನವಿದ್ದರೆ ಗುಂಪಿಗೆ ಹಾಕುವುದು. ಅವಳು ಅಥವಾ ಅವಳ ಜೊತೆಯವರು ತಮ್ಮದೇ ದನಿಯಲ್ಲಿ ಉತ್ತರ ಕಳಿಸುವುದು, ಅದನ್ನು ನಾವು ರೈತನ ಫೋನಿಗೆ ದಾಟಿಸುವುದು. ನಾನು ಮೊದಲು ಕಳಿಸಿದ್ದು ಕೋಗಿಲಿನ ಹಿರಿಯರ ಟೊಮ್ಯಾಟೊ. ಸುರಂಗ ಬಿದ್ದ ಎಲೆ, ತೂತಾದ ಕಾಯಿ ಎಲ್ಲ ಕಿತ್ತು ಸುಡಿ, ಗಂಡು ಚಿಟ್ಟೆಯನ್ನು ಸೆಳೆಯುವ ಬಲೆ ಕಟ್ಟಿ, ಈಗ ಹೊಡೆಯುತ್ತಿರುವುದನ್ನು ನಿಲ್ಲಿಸಿ ಎಂದು ಉತ್ತರ ಬಂತು. ಅದನ್ನು ಕೇಳಿಸುವ ಮೊದಲು ನಾನೇ ನನ್ನ ಬಾಯಲ್ಲಿ ಅವರಿಗೆ ಹೇಳಿದೆ.

“ಇದು ನಿನ್ ಮಾತಾ, ಮೇಡಮ್ಮನ್ ಮಾತಾ?” ಎಂದರು.

“ಇಬ್ಬರದ್ದೂ” ಎಂದೆ.

ಅದೇನೋ ದನಿ ಬಂದಿದೆಯಲ್ಲ, ಅದನ್ನೂ ಹಾಕು ಎಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಆ ಬೆಳೆ ಪೂರ್ತಿ ಉಳಿಯಲಿಲ್ಲ, ಅರ್ಧ ಕೈಗೆ ಬಂತು. ಮುಂದಿನ ಸಲ ಸಸಿ ನೆಟ್ಟ ದಿನವೇ ಬಲೆ ಕಟ್ಟಿದರು, ಹೆಚ್ಚು ಉಳಿಯಿತು.

ಪರೀಕ್ಷೆ ಪಾಸಾದ ಮೇಲೆ ಒಂದು ಸಂತೆಯ ದಿನ ಅವಳು ನಮ್ಮ ಅಂಗಡಿಗೆ ಬಂದಳು. ಹೇಗೆ ನಡೆಯುತ್ತಿದೆ ನೋಡಬೇಕೆಂದಳು. ಗಲ್ಲಾದ ಪಕ್ಕ ನನ್ನ ಕುರ್ಚಿ ಕೊಟ್ಟು ನಾನು ಸ್ಟೂಲಿನ ಮೇಲೆ ಕೂತೆ. ಕೋಗಿಲಿನ ಹಿರಿಯರು ಬಂದವರೇ ಅವಳನ್ನು ಕಂಡು ಎರಡೂ ಕೈ ಹಿಡಿದುಕೊಂಡರು. ನನ್ನ ಕಡೆ ನೋಡಲೇ ಇಲ್ಲ. ಅತ್ತೆ ಹಿಂದಿನ ಗಲ್ಲಿಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದರು, ಒಂದೇ ಲೋಟ ತಂದಿದ್ದರು. ಅವಳು ಲೋಟ ಹಿಡಿದುಕೊಂಡು ಅತ್ತೆಗೆ ಹೇಳಿದಳು.

“ನಿಮ್ಮ ಸೊಸೆ ಕಳಿಸೋ ಫೋಟೊನೇ ಎಲ್ಲರಿಗಿಂತ ಸ್ಪಷ್ಟ ಇರುತ್ತೆ ಅಮ್ಮ. ಬೇರೆಯವರದ್ದರಲ್ಲಿ ಹೆಬ್ಬೆಟ್ಟೇ ಕಾಣೋದು.”

ಇಷ್ಟೇ. ಇದನ್ನು ನಾನು ಯಾರಿಗೂ ಹೇಳಿಕೊಳ್ಳಲಿಲ್ಲ, ಗಂಡನಿಗೂ. ಹೇಳಿದರೆ ಎಷ್ಟು ಸಣ್ಣದು ಎಂದು ಗೊತ್ತಾಗಿಬಿಡುತ್ತದೆ. ಅವಳು ಸಂಜೆ ಹೊರಡುವಾಗ ಬಸ್ ಸ್ಟಾಪಿನವರೆಗೆ ಹೋಗಿ ಕಳಿಸಿ ಬಂದೆ. ನಡೆಯುವಾಗ ಅವಳು ತನ್ನ ಮಗಳ ಶಾಲೆಯ ಬಗ್ಗೆ, ಕಚೇರಿಯಲ್ಲಿ ತನಗಿಂತ ಕಿರಿಯನೊಬ್ಬನಿಗೆ ಸಿಕ್ಕಿದ ಬಡ್ತಿಯ ಬಗ್ಗೆ ಹೇಳಿದಳು. ಅವನ ಹೆಸರು ಹೇಳುವಾಗ ತುಟಿ ಬಿಗಿಯಿತು. ಅದನ್ನು ನಾನು ಚೆನ್ನಾಗಿ ಬಲ್ಲೆ.

ಅದಾದ ವಾರ ಗುಂಪಿನಲ್ಲಿ ಒಂದು ಫೋಟೊ ಬಂತು. ಯಶವಂತಪುರದ ಸಾಹೇಬರ ಅಂಗಡಿ. ಅವಳು ನಡುವೆ ಕುರ್ಚಿಯಲ್ಲಿ, ಕೊರಳಿಗೆ ಗುಲಾಬಿ ಹಾರ. ಹಿಂದೆ ಬ್ಯಾನರು, ಮುಂದೆ ಸಮೋಸಾ ತಟ್ಟೆ. ಹಾರ ಹಾಕಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ನಮ್ಮ ಅಂಗಡಿಯಲ್ಲಿ ಕೂತದ್ದಕ್ಕಿಂತ ಆರಾಮಾಗಿ ಕೂತಿದ್ದಾಳೆ ಎನಿಸಿತು. ಮತ್ತೆ ಹಿಗ್ಗಿಸಿ ನೋಡಿದೆ. ಹಿಂದೆ ಜನ ಅವಳ ಹತ್ತಿರ ಹೋದರೆ ಸಂಕಟವಾಗುತ್ತಿತ್ತು, ಈಗ ಅವಳು ಇನ್ನೊಬ್ಬರ ಅಂಗಡಿಗೆ ಹೋದರೆ.

2019ರ ಹೊತ್ತಿಗೆ ನಮ್ಮ ಕಡೆ ಹೊಲಗಳು ಇನ್ನೂ ಕಡಿಮೆಯಾದವು. ಈಗ ನನ್ನ ಗಿರಾಕಿಗಳಲ್ಲಿ ವಿದ್ಯಾರಣ್ಯಪುರ, ಸಂಜಯನಗರದ ತಾರಸಿ ತೋಟದವರು ಸೇರಿದ್ದಾರೆ, ಅವರೂ ದಾಸವಾಳದ ಎಲೆ ತರುತ್ತಾರೆ. ಹೆಚ್ಚಿನದ್ದಕ್ಕೆ ನಾನೇ ಹೇಳುತ್ತೇನೆ, ಬೇವಿನ ಎಣ್ಣೆ ಸಾಕು ಎಂದು ಕಳಿಸಿದ್ದೂ ಉಂಟು. ಬಾಗಲೂರು ಕಡೆಯ ಒಬ್ಬ ಹೋದ ತಿಂಗಳು ಸೇವಂತಿಗೆ ತಂದಿದ್ದ. ಮೊಗ್ಗಿನೊಳಗೆ ನುಸಿಯಂಥದ್ದು, ನನಗೆ ಖಾತ್ರಿಯಾಗಲಿಲ್ಲ. ಮೊಗ್ಗು ಬಿಡಿಸಿ, ಬಿಳಿ ಹಾಳೆಯ ಮೇಲೆ ತಟ್ಟಿ, ಬೆಳಕಿಗೆ ಹಿಡಿದು ಒಳ್ಳೆಯ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಸಾಹೇಬರೂ ಅದೇ ಹೊತ್ತಿಗೆ ಒಂದು ಹಾಕಿದರು, ಅರ್ಧ ಮಸುಕು. ಅವರಿಗೆ ತಕ್ಷಣ ಉತ್ತರ ಬಂತು. ನನಗೆ ಬಂದದ್ದು ಊಟದ ಹೊತ್ತು ಮುಗಿದ ಮೇಲೆ. ಸೇವಂತಿಗೆಯವನು ಅಲ್ಲಿಯವರೆಗೆ ಬೆಂಚಿನ ಮೇಲೆ ಒರಗಿ ಕಾಯುತ್ತಿದ್ದ, ಬಸ್ಸು ತಪ್ಪಿಸಿಕೊಂಡಿದ್ದ. ಅವನಿಗೆ ಅವಳ ಮಾತು ಕೇಳಿಸಿ, ಅರ್ಥವಾಯಿತೇ ಎಂದು ಕೇಳಿ, ನುಸಿ ಬಂದು ಅಂಟಿಕೊಳ್ಳುವ ನೀಲಿ ಹಾಳೆಗಳನ್ನು ಎಣಿಸಿ ಕೊಟ್ಟು ಕಳಿಸಿದೆ. ಆಮೇಲೆ ಫೋನ್ ತೆಗೆದು, ಸಾಹೇಬರಿಗೆ ಕಳಿಸಿದ ಉತ್ತರ ನನ್ನದಕ್ಕಿಂತ ಉದ್ದವಿದೆಯೇ ಎಂದು ನೋಡಿದೆ. ಸ್ವಲ್ಪ ಉದ್ದವಿತ್ತು.